ತಂಡದಿಂದ ಹೊರಬಿದ್ದ ಮೇಲೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, 'ಸೋಲು ಮತ್ತು ಯಶಸ್ಸು' ಎಂಬ ವಿಷಯದ ಮೇಲೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು ಎಂದರು. ಈ ವಿಷಯದ ಮೇಲೆ ನೀವೆಲ್ಲ ಬೇಕಾದಷ್ಟು ಭಾಷಣ ಕೇಳಿದ್ದೀರಿ. ಎಡಿಸನ್ನನ ಬಲ್ಬು ಬರುತ್ತದೆ, ಗೋಡೆ ಹತ್ತುವ ಜೇಡ ಬರುತ್ತದೆ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಮರುದಿನ ಅಂಕಪಟ್ಟಿ ನೋಡಿದಾಗ ಜೇಡವೂ ನೆನಪಾಗುವುದಿಲ್ಲ, ಬಲ್ಬೂ ನೆನಪಾಗುವುದಿಲ್ಲ. ಅದಕ್ಕೆ ನಾನು ಕೇಳಿದೆ, "ಬೇಸ್‌ಬಾಲ್ ಬಗ್ಗೆ ಮಾತಾಡಬಹುದೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಆದರೆ ನಮ್ಮವರಿಗೆ ಅರ್ಥವಾಗಬೇಕು" ಎಂದರು. ಆ ಷರತ್ತಿನ ಮೇಲೆ ಬಂದಿದ್ದೇನೆ.

ಕೆಲಸದ ನಿಮಿತ್ತ ನಾಲ್ಕು ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಓಕ್‌ಲ್ಯಾಂಡ್ ನಗರದ ಸಮೀಪ ಇದ್ದೆ. ಅಲ್ಲಿ ಸಂಜೆಯಾದರೆ ಎಲ್ಲರ ಬಾಯಲ್ಲೂ ಬೇಸ್‌ಬಾಲ್. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಲಾರೆ ಎಂದು ಹಟ ಹಿಡಿದಿದ್ದ ನಾನು, ಜತೆಗಿದ್ದವರ ಒತ್ತಾಯಕ್ಕೆ ನೋಡಲು ಶುರುಮಾಡಿ ಕೊನೆಗೆ ಆ ಆಟದ ಹಳೆಯ ಅಂಕಿಸಂಖ್ಯೆಗಳನ್ನೆಲ್ಲ ಹುಡುಕಿ ಓದುವವನಾದೆ.

ನಿಮಗೆ ಬೇಕಾದಷ್ಟನ್ನು ಮಾತ್ರ ವಿವರಿಸುತ್ತೇನೆ. ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಆತ ನಮ್ಮ ಬೌಲರ್‌ನಂತೆ ಓಡಿಬರುವ ಹಾಗಿಲ್ಲ. ಒಂದು ದಿಬ್ಬದ ಮೇಲೆ ಹೂತಿಟ್ಟ 24 ಅಂಗುಲ ಉದ್ದದ ರಬ್ಬರ್ ಪಟ್ಟಿಗೆ ಕಾಲು ತಾಗಿಸಿ ನಿಂತು, 60 ಅಡಿ 6 ಅಂಗುಲ ದೂರಕ್ಕೆ ಎಸೆಯಬೇಕು. ಚೆಂಡು ನೆಲಕ್ಕೆ ಬಡಿಯದೆ ನೇರ ಹೋಗಬೇಕು. ಗುರಿ ತಪ್ಪಿದ ಎಸೆತ ನಾಲ್ಕಾದರೆ ಬ್ಯಾಟುಗಾರನಿಗೆ ಪುಕ್ಕಟೆ ನಡಿಗೆ, ಅದನ್ನು 'ವಾಕ್' ಎನ್ನುತ್ತಾರೆ. ಪಂದ್ಯ 9 ಇನ್ನಿಂಗ್ಸ್‌ನದು. ಮೊದಲಿಗೆ ಎಸೆಯುವವನು ಸ್ಟಾರ್ಟರ್. ಆತ ದಣಿದಾಗ ಬರುವವನು ರಿಲೀಫ್ ಪಿಚರ್. ಅವರಲ್ಲೂ ಅಲ್ಪ ಮುನ್ನಡೆಯನ್ನು ಕಾಪಾಡಲು ಕೊನೆಯ ಇನ್ನಿಂಗ್ಸ್‌ನಲ್ಲಿ ಬರುವವನು ಕ್ಲೋಸರ್. ಪಂದ್ಯ ಉಳಿಸಿದರೆ ಅವನ ಲೆಕ್ಕಕ್ಕೆ ಒಂದು 'ಸೇವ್'. ನಮ್ಮ ಟ್ವೆಂಟಿ-20ಯಲ್ಲಿ ಕೊನೆಯ ಓವರ್ ಹಾಕುವ ಬೌಲರ್‌ನ ಎದೆಬಡಿತ ಎಷ್ಟಿರುತ್ತದೆ ಎಂದು ನಿಮಗೆ ಗೊತ್ತು. ಇವನಿಗೆ ವರ್ಷಕ್ಕೆ ಅರವತ್ತು ಎಪ್ಪತ್ತು ಸಲ ಅದೇ ಕೆಲಸ.

ಹೀಗಾಗಿ ರಿಲೀಫ್ ಪಿಚರ್‌ಗಳು ಬೇಗ ಹೊರಬೀಳುತ್ತಾರೆ. ಸ್ಟಾರ್ಟರ್ ಮೊದಲ ಇನ್ನಿಂಗ್ಸ್‌ನಲ್ಲಿ ಎಡವಿದರೆ ಸುಧಾರಿಸಿಕೊಳ್ಳಲು ಸಮಯವಿರುತ್ತದೆ. ಇವನು ಎಡವಿದರೆ ಪಂದ್ಯವೇ ಮುಗಿಯಿತು, ನೋಡಿದವರೆಲ್ಲ ಅವನನ್ನೇ ಬೈಯುತ್ತಾರೆ. ಮೂರು ನಾಲ್ಕು ಸಲ ಹಾಗಾದರೆ ತಂಡ ಅವನನ್ನು ಬಿಟ್ಟುಬಿಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟಿ.ಸಿ. ಕೊಡುತ್ತಾರೆ. ಹಾಗೆ ಟಿ.ಸಿ. ಪಡೆದವರಲ್ಲಿ ಕೆಲವರು ಬೇರೆ ತಂಡಕ್ಕೆ ಹೋಗಿ ಮೊದಲಿಗಿಂತ ದೊಡ್ಡವರಾದದ್ದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲನೆಯವನು ಡೆನಿಸ್ ಎಕರ್ಸ್ಲಿ. ಓಕ್‌ಲ್ಯಾಂಡ್‌ನಲ್ಲಿ 1954ರಲ್ಲಿ ಹುಟ್ಟಿದವನು. 1975ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಸ್ಟಾರ್ಟರ್ ಆಗಿ ಬಂದ. 1977ರಲ್ಲಿ ಒಂದು ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಗೆದ್ದ. 1978ರಲ್ಲಿ ಬಾಸ್ಟನ್ ಪರವಾಗಿ 20 ಪಂದ್ಯ ಗೆದ್ದ. ಉದ್ದ ಕೂದಲು, ಮೀಸೆ, ದೊಡ್ಡ ಬಾಯಿ, ಎಲ್ಲ ಇತ್ತು. ಜತೆಗೆ ಕುಡಿತವೂ ಇತ್ತು. 1984ರಲ್ಲಿ ಬಾಸ್ಟನ್ ಅವನನ್ನು ಶಿಕಾಗೋಗೆ ಕೊಟ್ಟಿತು. 1986ರಲ್ಲಿ ಅಲ್ಲಿ 6 ಗೆಲುವು, 11 ಸೋಲು. ಮನೆಯವರು ಅವನು ಕುಡಿದಿದ್ದಾಗ ವಿಡಿಯೋ ತೆಗೆದು, ಮರುದಿನ ಅವನಿಗೇ ಹಾಕಿ ತೋರಿಸಿದರಂತೆ. ಅದನ್ನು ನೋಡಿದ ಮೇಲೆ ತಾನಾಗಿಯೇ ಚಿಕಿತ್ಸಾ ಕೇಂದ್ರಕ್ಕೆ ಸೇರಿದ. ಇಲ್ಲಿ ಉಪದೇಶ ಮಾಡಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಅವನ ಮುಖವನ್ನು ಅವನಿಗೆ ತೋರಿಸಿದರು, ಅಷ್ಟೇ.

ಕುಡಿತ ಬಿಟ್ಟು ಬಂದ ಆಟಗಾರನಿಗೆ 1987ರ ಏಪ್ರಿಲ್‌ನಲ್ಲಿ ಶಿಕಾಗೋ ತಂಡ ಕೊಟ್ಟ ಉಡುಗೊರೆ ಏನು ಗೊತ್ತೇ? ಕೆಳದರ್ಜೆಯ ಮೂವರು ಆಟಗಾರರನ್ನು ತೆಗೆದುಕೊಂಡು ಅವನನ್ನು ಓಕ್‌ಲ್ಯಾಂಡ್‌ಗೆ ಸಾಗಹಾಕಿತು. ವಯಸ್ಸು 32. ಓಕ್‌ಲ್ಯಾಂಡ್‌ನಲ್ಲಿ ಮ್ಯಾನೇಜರ್ ಟೋನಿ ಲಾ ರೂಸಾ, ಪಿಚಿಂಗ್ ತರಬೇತುದಾರ ಡೇವ್ ಡಂಕನ್. ಅವರು ಇವನನ್ನು ರಿಲೀಫ್‌ಗೆ ಹಾಕಿದರು. ಎಕರ್ಸ್ಲಿಗೆ ಅವಮಾನವಾಯಿತು. ಇಪ್ಪತ್ತು ಪಂದ್ಯ ಗೆದ್ದ ಸ್ಟಾರ್ಟರ್‌ಗೆ ರಿಲೀಫ್ ಕೆಲಸವೆಂದರೆ, ಹೆಡ್‌ಮಾಸ್ಟರ್ ಆಗಿದ್ದವರನ್ನು ಗುಮಾಸ್ತರ ಕುರ್ಚಿಯಲ್ಲಿ ಕೂರಿಸಿದ ಹಾಗೆ. ಆದರೂ ಮಾಡಿದ. ಅಷ್ಟರಲ್ಲಿ ತಂಡದ ಕ್ಲೋಸರ್ ಜೇ ಹೊವೆಲ್‌ಗೆ ಗಾಯವಾಗಿ, ಕೊನೆಯ ಇನ್ನಿಂಗ್ಸ್ ಇವನ ಪಾಲಿಗೆ ಬಂತು.

ಲಾ ರೂಸಾ ಮತ್ತು ಡಂಕನ್ ನೋಡಿದ್ದು ಸರಳ ಸಂಗತಿ. ಆರೇಳು ಇನ್ನಿಂಗ್ಸ್ ಎಸೆಯುವ ಶಕ್ತಿ ಇವನ ತೋಳಿನಲ್ಲಿ ಈಗ ಇಲ್ಲ. ಒಬ್ಬನೇ ಬ್ಯಾಟುಗಾರ ಒಂದೇ ದಿನ ಇವನನ್ನು ಮೂರು ಸಲ ಎದುರಿಸಿದರೆ ಮೂರನೇ ಸಲ ಬಾರಿಸುತ್ತಾನೆ. ಆದರೆ ಗುರಿ ಮಾತ್ರ ಒಂದು ಕೂದಲೂ ತಪ್ಪಿಲ್ಲ. ಹಾಗಾದರೆ ಇಡೀ ಪಂದ್ಯವನ್ನು ಏಕೆ ಕೊಡಬೇಕು? ಒಂದೇ ಇನ್ನಿಂಗ್ಸ್, ಮೂರೇ ಔಟ್ ಕೊಡೋಣ. ಇಲ್ಲದಿರುವುದನ್ನು ಕೇಳದೆ, ಇರುವುದನ್ನು ಕೇಳಿದರು.

1988ರಲ್ಲಿ ಆತ 45 ಸೇವ್ ಮಾಡಿದ. ಲೀಗ್ ಪ್ರಶಸ್ತಿ ಸರಣಿಯಲ್ಲಿ ತನ್ನ ಹಳೆಯ ತಂಡ ಬಾಸ್ಟನ್ನನ್ನು ಸೋಲಿಸಿದ ನಾಲ್ಕೂ ಪಂದ್ಯಗಳಲ್ಲಿ ಸೇವ್ ಇವನದೇ. ಆಮೇಲೆ ವಿಶ್ವ ಸರಣಿ. ಅಕ್ಟೋಬರ್ 15, ಲಾಸ್ ಏಂಜಲಿಸ್‌ನಲ್ಲಿ ಮೊದಲ ಪಂದ್ಯ. ಓಕ್‌ಲ್ಯಾಂಡ್ 4, ಡಾಡ್ಜರ್ಸ್ 3. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್ ಆಗಿದೆ, ಒಬ್ಬ ಓಟಗಾರ ಬೇಸ್ ಮೇಲಿದ್ದಾನೆ. ಎರಡೂ ಕಾಲು ನೋವಿನಿಂದ ನಡೆಯಲಾರದ ಕರ್ಕ್ ಗಿಬ್ಸನ್ ಕುಂಟುತ್ತಾ ಬ್ಯಾಟ್ ಹಿಡಿದು ಬಂದ. ಎಕರ್ಸ್ಲಿ ಸ್ಲೈಡರ್ ಎಸೆದ. ಗಿಬ್ಸನ್ ಅದನ್ನು ಒಂದೇ ಹೊಡೆತಕ್ಕೆ ಪ್ರೇಕ್ಷಕರ ನಡುವೆ ಬೀಳಿಸಿದ. ಪಂದ್ಯ ಹೋಯಿತು, ಕೊನೆಗೆ ಸರಣಿಯೂ ಹೋಯಿತು.

ನನ್ನ ಮಟ್ಟಿಗೆ ಎಕರ್ಸ್ಲಿಯ ಕತೆಯಲ್ಲಿ ದೊಡ್ಡದು ಇದರ ನಂತರದ ಒಂದು ಗಂಟೆ. ಆ ರಾತ್ರಿ ಆತ ಹಿಂಬಾಗಿಲಿನಿಂದ ಹೋಗಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಜಾಗದಲ್ಲೇ ನಿಂತು, ಪತ್ರಕರ್ತರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ಎಲ್ಲರಿಗೂ ಉತ್ತರ ಕೊಟ್ಟ. ಎರಡು ವರ್ಷ ಹಿಂದಿನ ಎಕರ್ಸ್ಲಿ ಆಗಿದ್ದರೆ ಆ ರಾತ್ರಿ ಎಲ್ಲಿ ಹೋಗುತ್ತಿದ್ದ ಎಂದು ಊಹಿಸಿ. ಮುಂದಿನ ವರ್ಷ ಓಕ್‌ಲ್ಯಾಂಡ್ ವಿಶ್ವ ಸರಣಿ ಗೆದ್ದಿತು. 1990ರಲ್ಲಿ ಆತ 73 ಇನ್ನಿಂಗ್ಸ್‌ಗೂ ಮೇಲೆ ಎಸೆದು ಇಡೀ ವರ್ಷದಲ್ಲಿ ಕೊಟ್ಟ ವಾಕ್ ನಾಲ್ಕೇ ನಾಲ್ಕು. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 0.61 ರನ್. 1992ರಲ್ಲಿ 51 ಸೇವ್ ಮಾಡಿ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಲೀಗಿನ ಅತಿ ಮೌಲ್ಯದ ಆಟಗಾರ ಪ್ರಶಸ್ತಿ ಎರಡನ್ನೂ ಪಡೆದ. 2004ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಕೊನೆಯ ಇನ್ನಿಂಗ್ಸ್‌ಗೆಂದೇ ಒಬ್ಬ ಪಿಚರ್‌ನನ್ನು ಮೀಸಲಿಡುವ ಪದ್ಧತಿ ಎಲ್ಲ ತಂಡಗಳಲ್ಲೂ ಬೇರೂರಿದ್ದಕ್ಕೆ ಇವನ ಯಶಸ್ಸೇ ಮುಖ್ಯ ಕಾರಣ.

ಆ 0.61 ಎಂಬ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎರಡನೆಯವನು ಫರ್ನಾಂಡೊ ರಾಡ್ನಿ. ಡೊಮಿನಿಕನ್ ಗಣರಾಜ್ಯದ ಕಡಲತೀರದವನು, ತಂದೆ ಮೀನುಗಾರ. ರಾಡ್ನಿ ಮೈದಾನದಲ್ಲಿ ಟೋಪಿಯನ್ನು ಒಂದು ಬದಿಗೆ ವಾಲಿಸಿ ಹಾಕುತ್ತಿದ್ದ. ಟಿವಿ ನೋಡುವವರು ಇದೇನು ಪೋಕರಿತನ ಎಂದು ಬೈಯುತ್ತಿದ್ದರು. ಅದು ತಂದೆಯ ನೆನಪು. ದೋಣಿಯಲ್ಲಿ ಕೂತ ತಂದೆ ಬಿಸಿಲು ಬೀಳುವ ಕಡೆಗೆ ಟೋಪಿ ವಾಲಿಸಿಕೊಳ್ಳುತ್ತಿದ್ದರು. ನಮ್ಮ ಕಡಲ ಕರೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರಾಡ್ನಿಗೆ ವೇಗಕ್ಕೆ ಕೊರತೆ ಇರಲಿಲ್ಲ, ಗುರಿ ಇರಲಿಲ್ಲ. 2011ರಲ್ಲಿ ಏಂಜಲ್ಸ್ ತಂಡದಲ್ಲಿ 32 ಇನ್ನಿಂಗ್ಸ್‌ಗೆ 28 ವಾಕ್ ಕೊಟ್ಟ. ಕ್ಲೋಸರ್ ಸ್ಥಾನ ಹೋಯಿತು, ವರ್ಷದ ಕೊನೆಗೆ ತಂಡವೂ ಹೋಯಿತು. 34 ದಾಟಿದ ಅವನನ್ನು ಟ್ಯಾಂಪಾ ಬೇ ತಂಡ ಕಡಿಮೆ ಸಂಬಳಕ್ಕೆ ತೆಗೆದುಕೊಂಡಿತು. ಅಲ್ಲಿಯ ತರಬೇತುದಾರರು ಹೊಸದೊಂದು ಎಸೆತ ಕಲಿಸಲಿಲ್ಲ, ತೋಳಿನ ಬೀಸು ಬದಲಿಸಲಿಲ್ಲ. ನಾನು ಹೇಳಿದೆನಲ್ಲ, 24 ಅಂಗುಲದ ರಬ್ಬರ್ ಪಟ್ಟಿ, ಅದರ ಮೇಲೆ ನಿಲ್ಲುವ ಜಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರು. ಒಂದು ಗೇಣೋ ಎರಡು ಗೇಣೋ! 2012ರಲ್ಲಿ ಆತ ಸುಮಾರು 75 ಇನ್ನಿಂಗ್ಸ್ ಎಸೆದು ಕೊಟ್ಟ ವಾಕ್ 15. 50 ಅವಕಾಶಗಳಲ್ಲಿ 48 ಸೇವ್. ಸರಾಸರಿ 0.60. ಎಕರ್ಸ್ಲಿಯ 0.61 ಎಂಬ ದಾಖಲೆ ಇಪ್ಪತ್ತೆರಡು ವರ್ಷದ ನಂತರ ಮುರಿದುಬಿತ್ತು. ಮುರಿದವನೂ ಬೇರೆ ತಂಡಕ್ಕೆ ಬೇಡವಾದವನೇ. (2016ರಲ್ಲಿ ಝ್ಯಾಕ್ ಬ್ರಿಟನ್ 0.54 ಮಾಡಿ ಅದನ್ನೂ ಮುರಿದ.)

ನಾನು ಇಂಜಿನಿಯರ್, ಅಂಕಿಸಂಖ್ಯೆಯಲ್ಲಿ ಅರ್ಧ ಹೇಳುವುದು ಸರಿಯಲ್ಲ. ರಾಡ್ನಿ ಮುಂದಿನ ವರ್ಷ ಅದೇ ಪಟ್ಟಿಯ ಮೇಲೆ ನಿಂತು 3.38 ಸರಾಸರಿಗೆ ಇಳಿದ. 2012ರಲ್ಲಿ ಅದೃಷ್ಟದ ಪಾಲೂ ಇತ್ತು. 2019ರಲ್ಲಿ ಓಕ್‌ಲ್ಯಾಂಡ್ ತಂಡ, 42ನೇ ವಯಸ್ಸಿನಲ್ಲಿ, 9ಕ್ಕೂ ಮೇಲಿನ ಸರಾಸರಿಯೊಂದಿಗೆ ಅವನನ್ನು ಕಳಿಸಿಬಿಟ್ಟಿತು. ಆತ ವಾಷಿಂಗ್ಟನ್ ತಂಡಕ್ಕೆ ಹೋದ. ಆ ವರ್ಷ ವಿಶ್ವ ಸರಣಿ ಗೆದ್ದದ್ದು ವಾಷಿಂಗ್ಟನ್. ಕಳಿಸಿದ ಓಕ್‌ಲ್ಯಾಂಡ್ ತಂಡವೇ ಆಮೇಲೆ ಓಕ್‌ಲ್ಯಾಂಡ್‌ನಲ್ಲಿ ಉಳಿಯಲಿಲ್ಲ, 2024ರ ಪಂದ್ಯಗಳು ಮುಗಿದ ಮೇಲೆ ಊರು ಬಿಟ್ಟಿತು.

ಟಿ.ಸಿ. ಎಂಬ ಮಾತನ್ನು ನಾನು ತಮಾಷೆಗೆ ಹೇಳಲಿಲ್ಲ. ಮೊದಲ ಪಿಯುಸಿಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಕಾಲೇಜಿನವರು ತಂದೆಯನ್ನು ಕರೆಸಿ, "ನಮ್ಮ ಫಲಿತಾಂಶ ಹಾಳಾಗುತ್ತದೆ, ಬೇರೆ ಕಡೆ ನೋಡಿ" ಎಂದರು. ತಂದೆ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡನೇ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರೊಬ್ಬರು ಒಂದು ದಿನ ನನ್ನ ನೋಟ್ಸ್ ತಿರುವಿ ನೋಡಿ, "ಲೆಕ್ಕ ಸರಿ ಮಾಡಿದ್ದೀಯ, ಆದರೆ ನಾನು ಬೋರ್ಡಿನಲ್ಲಿ ಬರೆದ ಲೆಕ್ಕ ಇದಲ್ಲವಲ್ಲ" ಎಂದರು. ಕೊನೆಯ ಬೆಂಚಿನಲ್ಲಿ ಕೂತು ಮೈನಸ್ಸನ್ನು ಪ್ಲಸ್ ಎಂದೂ, 3ನ್ನು 8 ಎಂದೂ ಬರೆದುಕೊಳ್ಳುತ್ತಿದ್ದೆ. ಎರಡನೇ ಬೆಂಚಿಗೆ ಕೂರಿಸಿದರು. ಆ ತಿಂಗಳೇ ಕನ್ನಡಕ ಬಂತು. ಮೊದಲ ಕಾಲೇಜಿನವರು ಕೆಟ್ಟವರಲ್ಲ. ಅವರು ನನ್ನ ಅಂಕ ನೋಡಿದರು. ಇವರು ನನ್ನ ನೋಟ್ಸ್ ನೋಡಿದರು. ಅಷ್ಟೇ ವ್ಯತ್ಯಾಸ. ರಾಡ್ನಿಯ ಕತೆ ಮೊದಲ ಸಲ ಓದಿದಾಗ ನನಗೆ ಆ ಎರಡನೇ ಬೆಂಚು ನೆನಪಾಯಿತು.

ಆದರೆ ಎಲ್ಲ ತೊಂದರೆಗೂ ಕನ್ನಡಕ ಸಾಕಾಗುವುದಿಲ್ಲ. ಅದಕ್ಕಾಗಿ ಡೇನಿಯಲ್ ಬಾರ್ಡ್ ಬಗ್ಗೆ ಹೇಳಬೇಕು.

ಬಾರ್ಡ್‌ನನ್ನು 2006ರಲ್ಲಿ ಬಾಸ್ಟನ್ ಮೊದಲ ಸುತ್ತಿನಲ್ಲೇ ಆರಿಸಿತ್ತು. ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗ. 2010ರಲ್ಲಿ ಸರಾಸರಿ 1.93. ಮುಂದಿನ ಕ್ಲೋಸರ್ ಇವನೇ ಎಂದು ಎಲ್ಲರೂ ಹೇಳುತ್ತಿದ್ದರು. 2012ರಲ್ಲಿ ಇವನನ್ನು ಸ್ಟಾರ್ಟರ್ ಮಾಡಲು ಹೊರಟರು. ಎಲ್ಲೋ ಏನೋ ತಪ್ಪಿತು. ಚೆಂಡು ಅವನ ಮಾತು ಕೇಳುವುದನ್ನು ನಿಲ್ಲಿಸಿತು. ತೋಳಿಗೆ ನೋವಿಲ್ಲ, ಗಾಯವಿಲ್ಲ, ಕೈಗೆ ಗೊತ್ತಿದ್ದ ಕೆಲಸ ಕೈಗೆ ಮರೆತುಹೋಗಿದೆ. ಆಟಗಾರರು ಇದನ್ನು 'ಯಿಪ್ಸ್' ಎನ್ನುತ್ತಾರೆ, ಹೆಸರು ಹೇಳಲೂ ಹೆದರುತ್ತಾರೆ. 2013ರ ಏಪ್ರಿಲ್ 27ರ ನಂತರ ದೊಡ್ಡ ಲೀಗಿನಲ್ಲಿ ಆತ ಕಾಣಲಿಲ್ಲ. 2014ರಲ್ಲಿ ಕೆಳದರ್ಜೆಯ ಹಿಕರಿ ತಂಡದಲ್ಲಿ ನಾಲ್ಕು ಪಂದ್ಯ ಆಡಿ 18 ಬ್ಯಾಟುಗಾರರನ್ನು ಎದುರಿಸಿದ. 9 ಮಂದಿಗೆ ವಾಕ್. 7 ಮಂದಿಯ ಮೈಗೆ ಚೆಂಡು ತಾಗಿತು. ಔಟಾದವರು ಇಬ್ಬರು.

'ಪ್ರಯತ್ನ ಬಿಡಬೇಡ' ಎನ್ನುವವರಿಗೆ ಇಲ್ಲಿ ನನ್ನದೊಂದು ತಕರಾರಿದೆ. ಬಾರ್ಡ್ ಪ್ರಯತ್ನ ಬಿಟ್ಟಿರಲಿಲ್ಲ. ಒಂದರ ಹಿಂದೆ ಒಂದು ತಂಡ, ಒಬ್ಬರ ಹಿಂದೆ ಒಬ್ಬ ತರಬೇತುದಾರ, ಎಲ್ಲ ಬಗೆಯ ಬೀಸು. ಹೆಚ್ಚು ಪ್ರಯತ್ನಿಸಿದಷ್ಟೂ ಹೆಚ್ಚು ಕೆಟ್ಟಿತು. 2017ರಲ್ಲಿ ಆಟ ಬಿಟ್ಟ. ಬಿಟ್ಟ ಮೇಲೆ ಅರಿಜೋನಾದ ಡೈಮಂಡ್‌ಬ್ಯಾಕ್ಸ್ ತಂಡ ಅವನಿಗೆ ಬೇರೊಂದು ಕೆಲಸ ಕೊಟ್ಟಿತು. ಎಳೆಯ ಆಟಗಾರರ ಜತೆ ಕೂತು ಅವರ ಹೆದರಿಕೆ, ಸೋಲು, ನಿದ್ದೆ ಬಾರದ ರಾತ್ರಿಗಳ ಬಗ್ಗೆ ಮಾತಾಡುವುದು. ಎಸೆಯಲಾರದೆ ಹೋದವನಿಗಿಂತ ಒಳ್ಳೆಯ ಮೇಷ್ಟ್ರು ಆ ವಿಷಯಕ್ಕೆ ಎಲ್ಲಿ ಸಿಗುತ್ತಾರೆ? ಎರಡು ವರ್ಷ ಆ ಕೆಲಸ ಮಾಡಿದ. ಆ ಹುಡುಗರ ಜತೆ ಸುಮ್ಮನೆ ಕ್ಯಾಚ್ ಆಡುತ್ತಿದ್ದಾಗ, ಯಾರೂ ಅಂಕ ಬರೆಯದ, ಯಾರೂ ಬೈಯದ ಆ ಹೊತ್ತಿನಲ್ಲಿ, ಚೆಂಡು ಹಿಂದಿನ ಹಾಗೆ ನೆಟ್ಟಗೆ ಹೋಗುತ್ತಿರುವುದು ಅವನ ಗಮನಕ್ಕೆ ಬಂತು.

2020ರಲ್ಲಿ ಕೊಲರಾಡೊ ತಂಡ ಅವನನ್ನು ಪರೀಕ್ಷಿಸಿ ತೆಗೆದುಕೊಂಡಿತು. ಆ ತಂಡದ ಡೆನ್ವರ್ ನಗರ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಗಾಳಿ ತೆಳುವಾಗಿ ಹೊಡೆದ ಚೆಂಡು ಇನ್ನಷ್ಟು ದೂರ ಹಾರುತ್ತದೆ, ಪಿಚರ್‌ಗಳು ಹೋಗಲು ಅಂಜುವ ಜಾಗ. ಜುಲೈ 25ರಂದು, ಏಳು ವರ್ಷಗಳ ನಂತರ, 35ನೇ ವಯಸ್ಸಿನಲ್ಲಿ ದೊಡ್ಡ ಲೀಗಿನಲ್ಲಿ ಮತ್ತೆ ಎಸೆದ, ಆ ಪಂದ್ಯದ ಗೆಲುವೂ ಅವನ ಲೆಕ್ಕಕ್ಕೇ ಬಂತು. ಆ ವರ್ಷ ಮರುಪ್ರವೇಶದ ಆಟಗಾರ ಪ್ರಶಸ್ತಿ. 2022ರಲ್ಲಿ 34 ಸೇವ್, ಸರಾಸರಿ 1.79.

ಇಲ್ಲಿಗೆ ಕತೆ ನಿಲ್ಲಿಸಿದರೆ ನಿಮಗೆ ಸಂತೋಷವಾಗುತ್ತದೆ. ಆದರೆ 2023ರ ಮಾರ್ಚ್‌ನಲ್ಲಿ ದೇಶಗಳ ನಡುವಿನ ಪಂದ್ಯಾವಳಿಯಲ್ಲಿ ಅವನ ಒಂದು ಎಸೆತ ವೆನಿಜುವೆಲಾದ ಹೊಸೆ ಅಲ್ಟುವೆಯ ಹೆಬ್ಬೆರಳು ಮುರಿಯಿತು. ಆ ತಿಂಗಳ ಕೊನೆಗೆ ಹೊಸ ಋತು ಶುರುವಾಗುವಾಗ ಬಾರ್ಡ್ ತಂಡದಲ್ಲಿರಲಿಲ್ಲ. ಬೆನ್ನುನೋವು ಎಂದೋ ಭುಜದ ನೋವು ಎಂದೋ ಹೇಳಿ ಮರೆಮಾಚಬಹುದಿತ್ತು. ಆತಂಕದ ತೊಂದರೆ ಮರಳಿದೆ ಎಂದು ಬಾಯಿಬಿಟ್ಟು ಹೇಳಿದ. ಕೆಲವು ವಾರಗಳ ನಂತರ ಬಂದು ಆಡಿದ, ಮೊದಲಿನಷ್ಟು ಚೆನ್ನಾಗಿ ಅಲ್ಲ. ಹೆತ್ತವರಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಮಗ "ತಲೆನೋವು, ಪರೀಕ್ಷೆಗೆ ಹೋಗುವುದಿಲ್ಲ" ಎಂದರೆ ನಂಬುತ್ತೇವೆ, "ಹೆದರಿಕೆಯಾಗುತ್ತದೆ" ಎಂದರೆ ಬೈಯುತ್ತೇವೆ. ಹಾಗಾಗಿ ಮಕ್ಕಳು ತಲೆನೋವು ಎಂದೇ ಹೇಳುತ್ತಾರೆ.

ಇನ್ನೊಬ್ಬನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದ ಪರ್ತ್‌ನವನಾದ ಲಿಯಮ್ ಹೆಂಡ್ರಿಕ್ಸ್. 2018ರ ಜೂನ್‌ನಲ್ಲಿ ಓಕ್‌ಲ್ಯಾಂಡ್ ಇವನನ್ನು ಪಟ್ಟಿಯಿಂದ ತೆಗೆಯಿತು. ಉಳಿದ 29 ತಂಡಗಳಲ್ಲಿ ಯಾವುದು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದಿತ್ತು. ಒಂದೂ ಕೇಳಲಿಲ್ಲ. ಕೆಳದರ್ಜೆಗೆ ಹೋಗಿ ಎಸೆದ, ಅದೇ ಓಕ್‌ಲ್ಯಾಂಡ್‌ಗೆ ಮರಳಿದ, 2020 ಮತ್ತು 2021ರಲ್ಲಿ ಲೀಗಿನ ಅತ್ಯುತ್ತಮ ರಿಲೀಫ್ ಪಿಚರ್ ಆದ. ಆಮೇಲೆ ಕ್ಯಾನ್ಸರ್ ಬಂತು, ಚಿಕಿತ್ಸೆ ಮುಗಿಸಿ 2023ರ ಮೇ ತಿಂಗಳಲ್ಲಿ ಮತ್ತೆ ಮೈದಾನಕ್ಕಿಳಿದ.

ಮರಳಿದವರ ಬಗ್ಗೆ ಮಾತ್ರ ಹೇಳಿದ್ದೇನೆ, ಮರಳದವರೇ ಹೆಚ್ಚು. ನಮ್ಮ ದೇಶದ ಇಬ್ಬರಿದ್ದರು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಈ ರಿಂಕು ಸಿಂಗ್ ಕ್ರಿಕೆಟಿಗನಲ್ಲ, ಬೇರೆ. ಇಬ್ಬರೂ ಭರ್ಜಿ ಎಸೆಯುತ್ತಿದ್ದವರು, ಒಂದು ಟಿವಿ ಸ್ಪರ್ಧೆಯಲ್ಲಿ ಗೆದ್ದು 2008ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಸಹಿ ಹಾಕಿದರು. ದಿನೇಶ್‌ನನ್ನು 2010ರಲ್ಲಿ ಬಿಟ್ಟರು, ಊರಿಗೆ ಮರಳಿದ. ರಿಂಕು ಕೆಳದರ್ಜೆಯಲ್ಲಿ ಕೆಲವು ವರ್ಷ ಚೆನ್ನಾಗಿಯೇ ಎಸೆದ, ಗಾಯಗಳಾದವು, ದೊಡ್ಡ ಲೀಗ್ ತಲುಪಲಿಲ್ಲ. ಮುಂದೆ ಕುಸ್ತಿ ಪ್ರದರ್ಶನಕ್ಕೆ ಹೋದ. ಇವರು ಪ್ರಯತ್ನಿಸಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಸಂಘದ ಹಿರಿಯರಲ್ಲಿ ನನ್ನದೊಂದು ಬೇಡಿಕೆ ಇದೆ, ಅದನ್ನು ಬರಹದಲ್ಲೂ ಕೊಟ್ಟಿದ್ದೇನೆ. ಪ್ರತಿ ವರ್ಷ ನಾವು ಈ ವೇದಿಕೆಯ ಮೇಲೆ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ, ಹೊದಿಸೋಣ. ಆದರೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಒಂದು ಸಲ ಫೇಲಾದವರು ಅರ್ಜಿ ಹಾಕುವಂತಿಲ್ಲ ಎಂಬ ಒಂದು ಸಾಲು ಇದೆ. ಮುಂದಿನ ವರ್ಷ ಆ ಸಾಲನ್ನು ತೆಗೆಯಬಹುದೇ ಎಂದು ಸಮಿತಿ ಯೋಚಿಸಲಿ. ಅಂಕಪಟ್ಟಿಯ ಜತೆಗೆ ಆ ಹುಡುಗನ, ಆ ಹುಡುಗಿಯ ನೋಟ್ಸ್ ಪುಸ್ತಕವನ್ನೂ ಯಾರಾದರೂ ಒಬ್ಬರು ಕೂತು ತಿರುವಿ ನೋಡಲಿ. ಕೂರುವವರು ಬೇಕೆಂದರೆ ನಾನು ಬರುತ್ತೇನೆ, ಭಾನುವಾರ ಬಿಡುವಾಗಿರುತ್ತೇನೆ.

ಸಮಯ ಮೀರಿದೆ ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಬೇಸ್‌ಬಾಲ್ ಚೆಂಡು ಒಂದನ್ನು ತಂದಿದ್ದೇನೆ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ದೊಡ್ಡದು, ಸ್ವಲ್ಪ ಹಗುರ. ಚಹಾದ ನಂತರ ಹಿಂದಿನ ಅಂಗಳದಲ್ಲಿ 60 ಅಡಿ 6 ಅಂಗುಲ ಅಳೆದು ಗೆರೆ ಹಾಕಿಸಿದ್ದೇನೆ. ಎಸೆದು ನೋಡಬೇಕೆನ್ನುವವರು ಅಲ್ಲಿಗೆ ಬನ್ನಿ.